ಸ್ಪೀಕರಿಗೊಂದು ಸಿಂಬಿ

ಗುರುಗಳ ಎದುರು ಹೋಗಿ ನಿಲ್ಲಲು ಹಾಲೇಶನಿಗೆ ಮುಖವಿರಲಿಲ್ಲ. ಆದರೂ ಹೋದ.

ಗುರುಗಳ ಹೆಸರು ಮಹಾರುದ್ರಯ್ಯ. ಹರಿಹರದ ಆಚೆ ಹೊಳೆದಂಡೆಯಲ್ಲಿ ಅವರದೊಂದು ಹೆಂಚಿನ ಮನೆ, ಮನೆಗೊಂದು ಉದ್ದನೆಯ ಪಡಸಾಲೆ. ಆ ಪಡಸಾಲೆಯಲ್ಲಿ ಚಾಪೆ ಹಾಸಿ ತಬಲಾ ಕಲಿಸುತ್ತಿದ್ದರು. ಹಾಲೇಶ ಚಡ್ಡಿ ಹಾಕುವ ವಯಸ್ಸಿನಲ್ಲಿ ಅಲ್ಲಿಗೆ ಬಂದು ಸೇರಿದವನು. ಮೀಸೆ ಬಂತು, ಮದುವೆಯಾಯಿತು, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟ. ಪಾಠ ಮಾತ್ರ ಬಿಟ್ಟಿರಲಿಲ್ಲ.

ಬಿಡಿಸಿದ್ದು ಒಂದು ಲಾರಿ. ಅದಕ್ಕೆ ದಾರಿ ಕೊಡಲು ಹೋಗಿ ಬೈಕಿನಿಂದ ಬಿದ್ದ. ಎಡಗೈ ಮಣಿಕಟ್ಟು ಮುರಿಯಿತು. ಮೂಳೆಯೇನೋ ಕೂಡಿಕೊಂಡಿತು, ಆದರೆ ನಡುಬೆರಳು, ಉಂಗುರದ ಬೆರಳು ಮಡಚಲು ಬರಲಿಲ್ಲ. ತಬಲಾ ಜೋಡಿಯಲ್ಲಿ ಎಡಗೈ ನುಡಿಸುವುದು ಡಗ್ಗವನ್ನು. ಆ ದಪ್ಪ ದನಿಯ ಡಗ್ಗ ತನ್ನ ಪಾಲಿಗೆ ಮುಗಿಯಿತು ಎಂದುಕೊಂಡ ಹಾಲೇಶ ಹರಿಹರದ ದಾರಿಯನ್ನೇ ಬಿಟ್ಟ.

ಬಾರಿಸಲು ಆಗದಿದ್ದರೆ ಕೇಳಲಾದರೂ ಆಗುತ್ತದಲ್ಲ.

ಅದಕ್ಕೆಂದೇ ಒಂದು ಜೊತೆ ದೊಡ್ಡ ಸ್ಪೀಕರ್ ತಂದ. ನೆಲದ ಮೇಲೇ ನಿಲ್ಲಿಸುವಂಥವು, ಒಂದೊಂದೂ ಅವನ ಎದೆಯೆತ್ತರ. ಎತ್ತಿಡಬೇಕಾದರೆ ಇಬ್ಬರು ಉಸಿರು ಕಟ್ಟಬೇಕು. ಮೂರನೇ ಮಹಡಿಯ ಅವನ ಫ್ಲ್ಯಾಟಿನ ಹಾಲಿನಲ್ಲಿ ಅವು ದ್ವಾರಪಾಲಕರ ಹಾಗೆ ನಿಂತವು. ಅಂಗಡಿಯವನು ಹೇಳಿಕೊಟ್ಟಂತೆ ಅವುಗಳ ಅಡಿಗೆ ಉಕ್ಕಿನ ಚೂಪು ಕಾಲುಗಳನ್ನು ತಿರುಪಿ, ಟೈಲ್ಸಿನ ಮೇಲೆ ಗಟ್ಟಿಯಾಗಿ ಊರಿದ. ಹಾಗೆ ಊರಿದರೆ ದಪ್ಪ ದನಿಗಳು ಬಿಗಿಯಾಗಿ ಬರುತ್ತವಂತೆ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ, ಮೊದಲು ತಾನು ಅಭ್ಯಾಸಕ್ಕೆ ಕೂರುತ್ತಿದ್ದ ಹೊತ್ತಿಗೇ, ಗುರುಗಳು ಹಿಂದೊಮ್ಮೆ ಒಬ್ಬರೇ ಕೂತು ಬಾರಿಸಿದ್ದ ಒಂದು ಧ್ವನಿಮುದ್ರಣ ಹಾಕುತ್ತಿದ್ದ. ನೆಲ ಜುಮ್ಮೆನ್ನುತ್ತಿತ್ತು. ಡಗ್ಗ ಅಂಗಾಲಿನಿಂದ ಹತ್ತಿ ಎದೆಯವರೆಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಅವನ ಎಡಗೈ ಅವನಿಗೆ ಮರೆತುಹೋಗುತ್ತಿತ್ತು.

ಕೆಳಗಿನ ಮನೆಯಲ್ಲಿ ಸಲೋಮಿ ಎಂಬ ನರ್ಸ್ ಇದ್ದರು. ತೂಕವಿಲ್ಲದೆ ಹುಟ್ಟಿದ ಹಸುಗೂಸುಗಳ ವಾರ್ಡಿನಲ್ಲಿ ಅವರಿಗೆ ಕೆಲಸ, ಯಾವಾಗಲೂ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಎರಡು ತುತ್ತು ತಿಂದು ಅಡ್ಡಾಗುವ ಹೊತ್ತಿಗೆ ಸರಿಯಾಗಿ ಮೇಲೆ ಡಗ್ಗ ಶುರುವಾಗುತ್ತಿತ್ತು.

ಒಂದು ದಿನ ಮೇಲೆ ಬಂದು, ಸ್ವಲ್ಪ ಸಣ್ಣಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದರು. ಹಾಲೇಶ ಸಣ್ಣಗೆ ಮಾಡಿದ. ಮತ್ತೆ ಬಂದರು. ಕಿಟಕಿ ಮುಚ್ಚಿದ, ಜಮಖಾನ ಹಾಸಿದ, ಇನ್ನೂ ಸಣ್ಣಗೆ ಮಾಡಿದ. ಮತ್ತೂ ಬಂದರು. ಆ ಸಲ ಅವರ ಕಣ್ಣು ಕೆಂಪಗಿದ್ದವು. ನಿದ್ದೆಗಣ್ಣಿನಲ್ಲಿ ಕೂಸೊಂದರ ಔಷಧಿಯ ಅಳತೆಯನ್ನು ತಪ್ಪಾಗಿ ಓದಿಬಿಟ್ಟೆ, ಪಕ್ಕದಲ್ಲಿದ್ದವರು ನೋಡಿ ಕೈ ಹಿಡಿದರು, ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಮೆಲ್ಲಗೆ ಹೇಳಿದರು.

ಹಾಲೇಶನಿಗೆ ಕ್ಷಮಿಸಿ ಎನ್ನಬೇಕೆನ್ನಿಸಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ನನಗೇ ಸರಿಯಾಗಿ ಕೇಳಿಸದಷ್ಟು ಸಣ್ಣಗೆ ಇಟ್ಟಿದೀನಿ ಸಿಸ್ಟರ್. ನಿಮಗೆ ಹೆಂಗೆ ಕೇಳಿಸ್ತೈತೆ?"

ಅಂದವನು ಬಾಗಿಲು ಹಾಕಿಕೊಂಡ.

ಅವತ್ತಿನಿಂದ ಸ್ಪೀಕರ್ ಹಾಕಲೂ ಮನಸ್ಸಾಗಲಿಲ್ಲ, ಹಾಕದೆ ಇರಲೂ ಆಗಲಿಲ್ಲ. ಬೆಳಗಿನ ಹೊತ್ತು ಕೈಕಟ್ಟಿ ಕೂರುತ್ತಿದ್ದ. ಕಾರಣವಿಲ್ಲದೆ ಸಿಡುಕುತ್ತಿದ್ದ. ಕಡೆಗೆ ಹೆಂಡತಿ ಮಂಗಳ, ನನ್ನ ಮೇಲೆ ಸಿಡುಕಿ ಏನು ಬಂತು, ಗುರುಗಳ ಹತ್ತಿರ ಹೋಗಿ ಬನ್ನಿ ಎಂದು ಬುತ್ತಿ ಕಟ್ಟಿ ಕಳಿಸಿದಳು.

ಮಹಾರುದ್ರಯ್ಯನವರು ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಬಾ ಎಂದರು. ಕುಡಿಯಲು ನೀರು ಕೊಟ್ಟರು. ಹಾಲೇಶ ಒಂದೇ ಉಸಿರಿಗೆ ಎಲ್ಲ ಹೇಳಿಕೊಂಡ. ಬಾರಿಸುವ ಭಾಗ್ಯ ಹೋಯಿತು, ಕೇಳುವ ಭಾಗ್ಯಕ್ಕೂ ಒಬ್ಬರು ಅಡ್ಡ ನಿಂತಿದ್ದಾರೆ ಎಂದು ದೂರಿದ.

"ಆ ತಾಯಿಗೆ ಏನು ಕೇಳಿಸ್ತೈತೆ?" ಎಂದರು ಗುರುಗಳು.

"ನಿಮ್ಮ ತಬಲಾನೇ, ಗುರುಗಳೇ. ಅದೂ ಇಷ್ಟೇ ಇಷ್ಟು ಸಣ್ಣಗೆ."

"ಎಷ್ಟು ಅಂತ ಕೇಳ್ಲಿಲ್ಲ ನಾನು. ಏನು ಅಂತ ಕೇಳಿದೆ."

ಹಾಲೇಶ ನೀರಿನ ಲೋಟ ಕೆಳಗಿಟ್ಟ.

ಗುರುಗಳು ಗೂಟಕ್ಕೆ ನೇತುಹಾಕಿದ್ದ ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡರು. ನಡಿ, ಹೋಗೋಣ ಎಂದರು.

ದಾವಣಗೆರೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಮಂಗಳ ಗುರುಗಳಿಗೆಂದು ಮಣೆ ಹಾಕಿ ಉಪ್ಪಿಟ್ಟಿಗೆ ಒಗ್ಗರಣೆ ಕೊಟ್ಟಿದ್ದಳು. ಅದು ಆಮೇಲೆ ತಾಯಿ ಎಂದು ಅವರು ಕೂರದೆ ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋದರು. ಹಾಲೇಶ ಹಿಂದೆ ಹಿಂದೆ ಹೋದ.

ಸಲೋಮಿ ಆಗಷ್ಟೇ ಎದ್ದು ಮುಖ ತೊಳೆದಿದ್ದರು. ಬಾಗಿಲಲ್ಲಿ ಬಿಳಿಗಡ್ಡದ ಮುದುಕರೊಬ್ಬರು ಕೈ ಮುಗಿದು ನಿಂತದ್ದು ಕಂಡು ಗಾಬರಿಯಾದರು.

"ಅಮ್ಮಾ, ನಿಮ್ಮ ನಿದ್ದೆ ಕೆಡಿಸ್ತಿರೋ ಕೈ ನಂದು," ಎಂದರು ಮಹಾರುದ್ರಯ್ಯ. "ಇವನು ಬರೀ ಗುಂಡಿ ಒತ್ತೋನು."

ನೀವು ಮಲಗುವ ಕೋಣೆಯಲ್ಲಿ ನನ್ನ ಶಿಷ್ಯನನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತೀರಾ ಎಂದು ಕೇಳಿದರು. ಸಲೋಮಿಗೆ ಅದೇನೆಂದು ಪೂರ್ತಿ ತಿಳಿಯಲಿಲ್ಲ. ಆದರೂ ಹಾಸಿಗೆ ಸರಿಮಾಡಿ, ಕುರ್ಚಿ ತಂದು ಹಾಕಿದರು. ಹಾಲೇಶ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಗುರುಗಳು ಸ್ಪೀಕರ್ ಹಾಕಿಸಲು ಮೇಲೆ ಹೋದರು.

ಸ್ವಲ್ಪ ಹೊತ್ತಿಗೆ ಶುರುವಾಯಿತು.

ತಬಲಾ ಇರಲಿಲ್ಲ. ಬೆರಳಿರಲಿಲ್ಲ. ಚರ್ಮದ ನಾದವಿರಲಿಲ್ಲ. ಗೋಡೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟುತ್ತಿದ್ದರು. ಸದ್ದು ದೊಡ್ಡದೇನಲ್ಲ, ಆದರೆ ಅದು ಕಿವಿಯನ್ನು ಕೇಳದೆ ಬೆನ್ನಿನಿಂದ ಒಳಗೆ ಬರುತ್ತಿತ್ತು. ಕಬ್ಬಿಣದ ಮಂಚದ ಕಾಲೊಂದು ಕಟಕಟ ಎನ್ನುತ್ತಿತ್ತು. ತಲೆದೆಸೆಯ ಲೋಟದಲ್ಲಿ ನೀರು ನಡುಗುತ್ತಿತ್ತು.

ಇದು ಯಾವ ಭಾಗ ಎಂದು ಗುರುತಿಸಲು ಹಾಲೇಶ ಕಣ್ಣು ಮುಚ್ಚಿ ನೋಡಿದ. ಆ ಧ್ವನಿಮುದ್ರಣದ ಪ್ರತಿಯೊಂದು ಪೆಟ್ಟೂ ಅವನಿಗೆ ಬಾಯಿಪಾಠ. ಬುದ್ಧಿ ಬಂದಾಗಿನಿಂದ ಕೇಳಿದ ಕೈ. ಆದರೂ ಗುರುತು ಹತ್ತಲಿಲ್ಲ.

"ಇವತ್ತು ಸಣ್ಣಗೇ ಐತೆ," ಎಂದರು ಸಲೋಮಿ. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಸಮಾಧಾನ ಹೇಳುವವರ ಹಾಗೆ ಹೇಳಿದ್ದರು.

ಹಾಲೇಶನಿಗೆ ತಲೆಯೆತ್ತಲು ಆಗಲಿಲ್ಲ. ಅವತ್ತು ಬಾಗಿಲು ಹಾಕಿಕೊಂಡದ್ದಕ್ಕೆ ಕ್ಷಮೆ ಕೇಳಿದ. ಸಲೋಮಿ, ಕೂತು ಕೇಳಿದಿರಲ್ಲ, ಅಷ್ಟು ಸಾಕು ಎಂದರು.

ಮೇಲೆ ಹೋದಾಗ ಗುರುಗಳು ಸ್ಪೀಕರಿನ ಅಡಿಯನ್ನು ಬಗ್ಗಿ ನೋಡುತ್ತಿದ್ದರು.

"ಏನು ಕೇಳಿಸ್ತು?"

"ನೀವು ಕೇಳಿಸ್ಲಿಲ್ಲ, ಗುರುಗಳೇ."

ಗುರುಗಳು ತಲೆದೂಗಿದರು. ನಿನ್ನ ಡಗ್ಗ ಎಲ್ಲಿದೆ ಎಂದು ಕೇಳಿದರು. ಹಾಲೇಶ ಬೀರುವಿನ ಮೇಲಿಂದ ಗವುಸು ಹೊದಿಸಿಟ್ಟಿದ್ದ ಡಗ್ಗವನ್ನು ಇಳಿಸಿ ತಂದ. ಅದರ ಮೇಲಿನ ಧೂಳನ್ನು ಗುರುಗಳು ತಮ್ಮ ಶಲ್ಯದಿಂದಲೇ ಒರೆಸಿದರು. ಬರಿನೆಲದ ಮೇಲಿಟ್ಟು ಒಂದು ಪೆಟ್ಟು ಕೊಟ್ಟರು. ದನಿ ದಬ್ ಎಂದು ನೆಲಕ್ಕೆ ಬಿದ್ದು ಅಲ್ಲೇ ಸತ್ತಿತು.

ಆಮೇಲೆ ಡಗ್ಗದ ಜೊತೆಗೇ ಇದ್ದ ಸಿಂಬಿ ತೆಗೆದುಕೊಂಡರು. ಹೆಂಗಸರು ಕೊಡ ಹೊರುವಾಗ ತಲೆಗಿಟ್ಟುಕೊಳ್ಳುವ ಸಿಂಬಿಯಂಥದ್ದೇ, ಹಳೇ ಬಟ್ಟೆ ಸುತ್ತಿ ಮಾಡಿದ ಬಳೆ. ಡಗ್ಗವನ್ನು ಅದರ ಮೇಲೆ ಕೂರಿಸಿ ಅದೇ ಪೆಟ್ಟು ಕೊಟ್ಟರು. ದನಿ ದುಂಡಗೆ ಎದ್ದು ಕೋಣೆಯ ನಡುವೆ ತೇಲಿ ನಿಂತಿತು.

ಗುರುಗಳು ಉಪ್ಪಿಟ್ಟು ತಿಂದು, ಚಹಾ ಕುಡಿದು, ಬಸ್ಸು ಹತ್ತಿ ಹೊರಟುಹೋದರು.

ಮಾರನೆಯ ದಿನವೇ ಹಾಲೇಶ ಚೂಪು ಕಾಲುಗಳನ್ನು ಬಿಚ್ಚಿದ. ಮಂಗಳ ಹಳೇ ಸೀರೆಗಳನ್ನು ಹುರಿ ಹೊಸೆದು ದಪ್ಪ ದಪ್ಪ ಸಿಂಬಿ ಮಾಡಿಕೊಟ್ಟಳು. ಸ್ಪೀಕರ್ ಅವುಗಳ ಮೇಲೆ ಕೂತ ದಿನ ಚೆನ್ನಾಗಿತ್ತು. ಕೆಲವೇ ದಿನಕ್ಕೆ ಭಾರ ತಡೆಯದೆ ಬಟ್ಟೆ ಹಪ್ಪಳವಾಯಿತು, ಕೆಳಗೆ ಮತ್ತೆ ಅದೇ ಒನಕೆ. ಆಮೇಲೆ ಹಾಸಿಗೆಗೆ ಹಾಕುವ ಫೋಮ್ ತಂದ. ಅದು ಒಂದು ಕಡೆ ಕುಸಿದು ಸ್ಪೀಕರ್ ವಾಲಿತು. ಎದೆಯೆತ್ತರದ ಆ ಭಾರ ಕೈಮೇಲೆ ಬೀಳುವುದರಲ್ಲಿತ್ತು, ಮಂಗಳ ಓಡಿಬಂದು ಹೆಗಲು ಕೊಟ್ಟಳು.

ಏನೇ ಮಾಡಿದರೂ ಸಲೋಮಿ ಕೆಳಗಿನಿಂದ ಕೇಳಿ ಹೇಳುತ್ತಿದ್ದರು. ಕೆಲಸಕ್ಕೆ ಹೊರಡುವ ಮುಂಚೆ ಗೋಡೆಗೆ ಅಂಗೈ ಇಟ್ಟು ನಿಂತು, ಕೂಸಿನ ಎದೆಬಡಿತ ನೋಡುವವರ ಹಾಗೆ ನೋಡುತ್ತಿದ್ದರು. ಇನ್ನೂ ಐತೆ ಎಂದು ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲೇ ಬೇಸರವಿರುತ್ತಿತ್ತು, ಏನೋ ತಪ್ಪು ತಮ್ಮದೇ ಎಂಬಂತೆ.

ಒಂದು ದಿನ ಹಾಲೇಶನ ಸ್ಕೂಟರ್ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ತೆಗೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿ ತಿರುಗಿಸುತ್ತಿದ್ದರು. ಬಿಸಿಲಿಗೆ ನೆರಳು ಹುಡುಕಿ ನಿಂತಿದ್ದ ಹಾಲೇಶ ಅದನ್ನೇ ನೋಡುತ್ತ ಉಳಿದ. ದುಂಡಗಿನ ರಬ್ಬರ್ ಬಳೆ, ಒಳಗೆ ಬರೀ ಗಾಳಿ. ಇಬ್ಬರನ್ನು ಹೊತ್ತ ಸ್ಕೂಟರನ್ನೇ ತಡೆಯುವ ಸಿಂಬಿ.

ಅಲ್ಲೇ ಎರಡು ಹೊಸ ಟ್ಯೂಬ್ ಕೊಂಡ. ಕಲ್ಲಿನ ಅಂಗಡಿಗೆ ಹೋಗಿ ಸ್ಪೀಕರಿಗಿಂತ ಅಗಲವಾದ ಎರಡು ಕಡಪಾ ಕಲ್ಲು ಕೊರೆಸಿಕೊಂಡು ಬಂದ. ನೆಲದ ಮೇಲೆ ಟ್ಯೂಬ್, ಟ್ಯೂಬಿನ ಮೇಲೆ ಕಲ್ಲು, ಕಲ್ಲಿನ ಮೇಲೆ ಸ್ಪೀಕರ್.

ಗಾಳಿ ಹೆಚ್ಚಾಗಿತ್ತು. ಮಂಗಳ ಪಕ್ಕದಲ್ಲಿ ನಡೆದುಹೋದರೂ ಸ್ಪೀಕರ್ ತೆಪ್ಪದ ಹಾಗೆ ತೂಗಾಡಿತು. ಹೆದರಿದ ಹಾಲೇಶ ಪಕ್ಕಕ್ಕೆ ಎರಡು ಕುರ್ಚಿ ಕೊಟ್ಟು ಗುರುಗಳಿಗೆ ಫೋನ್ ಮಾಡಿದ. ಎಲ್ಲ ಕೇಳಿಕೊಂಡ ಅವರು ಆ ಕಡೆಯಿಂದ ನಕ್ಕರು.

"ತೇಲಬೇಕು. ತೂಗಬಾರದು," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮಂಗಳ ಸ್ಪೀಕರನ್ನು ತಬ್ಬಿ ಹಿಡಿದಳು. ಹಾಲೇಶ ಹೊಟ್ಟೆಯ ಮೇಲೆ ಮಲಗಿ ಟ್ಯೂಬಿನ ವಾಲ್ವ್ ಒತ್ತುತ್ತ ಇಷ್ಟಿಷ್ಟೇ ಗಾಳಿ ಬಿಟ್ಟ. ಕಲ್ಲು ಮೆಲ್ಲಗೆ ಇಳಿಯಿತು. ತೂಗಾಟ ನಿಂತಿತು. ಕಲ್ಲನ್ನು ಬೆರಳಿನಿಂದ ಒತ್ತಿದರೆ ಒಂದು ಸಣ್ಣ ಬಾಗು ಬಾಗಿ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಮಾರನೆಯ ಬೆಳಿಗ್ಗೆ, ಸಲೋಮಿ ಪಾಳಿ ಮುಗಿಸಿ ಬಂದ ಹೊತ್ತಿಗೆ, ಧ್ವನಿಮುದ್ರಣ ಹಾಕಿದ. ಸಣ್ಣಗಲ್ಲ, ಮೊದಲು ಕೇಳುತ್ತಿದ್ದಷ್ಟೇ. ಸಲೋಮಿಯ ಫೋನಿಗೆ ಕಾದ.

ಬರಲಿಲ್ಲ. ತಾನೇ ಮಾಡಿದ.

"ಹಾಕಿದೀರಾ?" ಎಂದರು ಸಲೋಮಿ.

"ಹಾಕಿದೀವಿ ಸಿಸ್ಟರ್. ಓಡ್ತಾ ಐತೆ."

ಆ ಕಡೆ ಗೋಡೆಗೆ ಅಂಗೈ ತಾಗಿದ ಸದ್ದು ಬಂತು.

"ಹಂಗಾದ್ರೆ ನಾನು ಮಲಗ್ತೀನಿ," ಎಂದರು.

ಮಂಗಳ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆಳಗೆ ಒಬ್ಬರು ಮಲಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಇಷ್ಟು ಸಂತೋಷ ಆಗಬಹುದೆಂದು ಹಾಲೇಶ ಎಣಿಸಿರಲಿಲ್ಲ.

ಅವಳು ಒಳಗೆ ಹೋದ ಮೇಲೆ ಒಬ್ಬನೇ ಕೇಳಲು ಕೂತ.

ಮೊದಲಿಗೆ ಏನೋ ಕಳೆದುಕೊಂಡ ಹಾಗಾಯಿತು. ನೆಲ ಸುಮ್ಮನಿತ್ತು. ಅಂಗಾಲಿಗೆ ಏನೂ ಬರಲಿಲ್ಲ. ಮೈಗೆ ಹತ್ತುತ್ತಿದ್ದ ಆ ಜುಮ್ಮು ಇಲ್ಲದೆ ಇದು ಬೇರೆ ಯಾರದೋ ತಬಲಾ ಅನ್ನಿಸಿತು. ಎದ್ದು ಹೋಗೋಣವೆಂದುಕೊಂಡ. ಹೋಗಲಿಲ್ಲ.

ಕೂತಂತೆ ಕೂತಂತೆ ಕಿವಿ ತೆರೆಯಿತು. ಗೋಡೆ, ನೆಲ, ಕಿಟಕಿಯ ಗಾಜು ಇಷ್ಟು ದಿನ ಗುರುಗಳ ಜೊತೆ ತಾವೂ ಬಾರಿಸುತ್ತಿದ್ದವು, ಈಗ ಅವೆಲ್ಲ ಬಾಯಿ ಮುಚ್ಚಿದ್ದವು. ಪೆಟ್ಟು ಪೆಟ್ಟಿನ ನಡುವೆ ಖಾಲಿ ಜಾಗ ಕಾಣಿಸಿತು. ಡಗ್ಗದ ಚರ್ಮದ ಮೇಲೆ ಗುರುಗಳ ಅಂಗೈಯ ಬುಡ ಜಾರುವುದು ಕೇಳಿಸಿತು. ತಾಳದ ದೊಡ್ಡದೊಂದು ಸುತ್ತನ್ನು ಶುರುಮಾಡುವ ಮುಂಚೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಪಕ್ಕದಲ್ಲೇ ಕೂತಿದ್ದಾರೆ ಅನ್ನುವಷ್ಟು ಹತ್ತಿರ. ಹಾಲೇಶ ಅರಿವಿಲ್ಲದೆ ಕಾಲು ಮಡಚಿ ನೆಟ್ಟಗೆ ಕೂತ.

ಆಗಲೇ ಇನ್ನೊಂದೂ ಕೇಳಿಸಿತು.

ಒಂದು ಕಡೆ, ಬಲಗೈ ಓಡುತ್ತಿರುವಾಗ, ಎಡಗೈ ಒಂದು ಕೂದಲೆಳೆ ತಡವಾಗಿ ಬಿತ್ತು.

ಯಂತ್ರದ ದೋಷ ಎಂದುಕೊಂಡ. ಹಿಂದಕ್ಕೆ ಹೋಗಿ ಮತ್ತೆ ಕೇಳಿದ. ಅಲ್ಲೇ ಇತ್ತು. ಇನ್ನೊಮ್ಮೆ ಕೇಳಿದ, ಆಗಲೂ ಇತ್ತು. ಬೇಗ ಬೇಗ ಸ್ವಿಚ್ ಆರಿಸಿದ. ನೋಡಬಾರದ್ದನ್ನು ನೋಡಿದವನ ಹಾಗೆ ಎದ್ದು ಹೋದ. ಮಂಗಳನಿಗೂ ಹೇಳಲಿಲ್ಲ.

ಭಾನುವಾರ ಸಲೋಮಿ ಮೇಲೆ ಬಂದರು. ನಿದ್ದೆಯಾದ ಮುಖ. ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಅವರೇ ಮಾಡಿದ ಕೇಕ್. ಅಂಗೈಯಷ್ಟೇ ಇದ್ದ ಕೂಸೊಂದು ತೂಕ ಹಿಡಿದು ತಾಯಿಯ ಮಡಿಲಲ್ಲಿ ಮನೆಗೆ ಹೋಯಿತು, ಆ ಖುಷಿಗೆ ಮಾಡಿದೆ, ಮೊದಲ ಪಾಲು ನಿಮಗೇ ಕೊಡಬೇಕು ಅನ್ನಿಸಿತು ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ನನಗೂ ಒಮ್ಮೆ ಅದನ್ನು ಕೇಳಿಸುತ್ತೀರಾ ಎಂದು ಸಂಕೋಚದಿಂದ ಕೇಳಿದರು.

ಹಾಲೇಶ ಅವರನ್ನು ತನ್ನ ಜಾಗದಲ್ಲೇ ಕೂರಿಸಿ ಧ್ವನಿಮುದ್ರಣ ಹಚ್ಚಿದ.

ಅವರು ತೊಡೆಯ ಮೇಲೆ ಕೈ ಜೋಡಿಸಿಟ್ಟು ಕೇಳಿದರು.

"ಇದಾ ಅದು?" ಎಂದರು.

"ಇದೇ ಸಿಸ್ಟರ್."

ಇನ್ನೊಂದು ಸಲ ಹಾಕಿ ಎಂದರು.

ಅವರು ಎದ್ದು ಹೊರಟಾಗ ಹಾಲೇಶ ಬಾಗಿಲವರೆಗೆ ಹೋಗಿ ಕೈ ಮುಗಿದ. ನೀವು ಮೆಟ್ಟಿಲು ಹತ್ತಿ ಬಂದು ಹೇಳದಿದ್ದರೆ ನಾನು ಇದನ್ನು ಜೀವಮಾನದಲ್ಲಿ ಕೇಳುತ್ತಿರಲಿಲ್ಲ, ಎದುರಾಡಿ ಬಾಗಿಲು ಹಾಕಿದವನಿಗೆ ನೀವು ದೊಡ್ಡ ಉಪಕಾರ ಮಾಡಿದಿರಿ ಎಂದ. ಸಲೋಮಿಗೆ ಏನು ಹೇಳಬೇಕೋ ತಿಳಿಯದೆ, ಕೇಕಿಗೆ ಇರುವೆ ಬಂದೀತು, ಬೇಗ ತಿನ್ನಿ ಎಂದು ಹೇಳಿ ಇಳಿದುಹೋದರು.

ಆ ವಾರವೇ ಹಾಲೇಶ ಅಂಗಡಿಯಿಂದ ಒಂದು ಒಳ್ಳೆಯ ಧೋತರ ತೆಗೆದುಕೊಂಡು ಹರಿಹರಕ್ಕೆ ಹೋದ.

ಪಡಸಾಲೆಯಲ್ಲಿ ಪಾಠ ನಡೆದಿತ್ತು. ಆರೇಳು ಶಿಷ್ಯರು ಸಾಲಾಗಿ ಕೂತಿದ್ದರು. ಹಾಲೇಶ ಧೋತರವನ್ನು ಮುಂದಿಟ್ಟು ಗುರುಗಳ ಕಾಲಿಗೆ ಬಿದ್ದ. ಬಟ್ಟೆಯ ಸಿಂಬಿ ಹಪ್ಪಳವಾದದ್ದು, ಟ್ಯೂಬ್ ಸಿಕ್ಕಿದ್ದು, ಸಿಸ್ಟರ್ ಮಲಗಿದ್ದು, ಕೂಸು ಮನೆಗೆ ಹೋದದ್ದು ಎಲ್ಲ ಹೇಳಿದ. ನಿಮ್ಮ ಋಣ ತೀರಿಸಲು ನನ್ನಿಂದ ಆಗದು ಎಂದ. ಗುರುಗಳು ಶಿಷ್ಯರಿಗೆ ಬಾರಿಸುವುದು ನಿಲ್ಲಿಸಿ ಎಂದು ಕೈ ಮಾಡಿದರು.

"ಈಗ ಏನು ಕೇಳಿಸ್ತೈತೆ?"

"ಎಲ್ಲಾ ಕೇಳಿಸ್ತೈತೆ, ಗುರುಗಳೇ. ನೀವು ಉಸಿರಾಡೋದೂ ಕೇಳಿಸ್ತೈತೆ."

"ಎಲ್ಲಾನಾ?"

ಹಾಲೇಶ ಧೋತರದ ಮಡಿಕೆ ಸರಿಮಾಡಿದ. ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಶಿಷ್ಯರೆಲ್ಲ ಅವನ ಕಡೆಗೇ ನೋಡುತ್ತಿದ್ದರು. ಸುಳ್ಳು ಹೇಳಿ ಎದ್ದುಹೋಗುವುದು ಸುಲಭವಿತ್ತು. ಗುರುಗಳು ಅವನ ಮುಖವನ್ನೇ ನೋಡುತ್ತ ಕಾದರು.

"ಒಂದು ಕಡೆ," ಎಂದ ಹಾಲೇಶ, "ಡಗ್ಗ ತಡವಾಗಿ ಬೀಳ್ತದೆ."

ಶಿಷ್ಯರಲ್ಲಿ ಒಬ್ಬ ತಬಲಾದ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಗುರುಗಳು ಆ ಭಾಗದ ಬೋಲನ್ನು ಧಾ ಧಿನ್ ಎಂದು ಬಾಯಲ್ಲೇ ಹೇಳುತ್ತ, ತೊಡೆಯ ಮೇಲೆ ಎಡಗೈ ಆಡಿಸುತ್ತ ಹೋದರು. ಸರಿಯಾಗಿ ಆ ಜಾಗಕ್ಕೆ ಬಂದಾಗ ಕೈ ನಿಲ್ಲಿಸಿ ಹಾಲೇಶನ ಕಡೆ ನೋಡಿದರು. ಹಾಲೇಶ ಹೌದು ಎಂದು ತಲೆಯಾಡಿಸಿದ.

"ಅವತ್ತು ಬಾಗಿಲಲ್ಲಿ ಯಾರೋ ಬಂದು ನಿಂತ್ರು," ಎಂದರು ಗುರುಗಳು. "ಯಾರು ಕೇಳ್ತಿದಾರೆ ಅಂತ ತಲೆಯೆತ್ತಿ ನೋಡಿದೆ."

ಆ ಧ್ವನಿಮುದ್ರಣ ಕೇಳಿ ಅವರಿಗೆ ಶಾಲು ಹೊದಿಸಿದವರು ಎಷ್ಟೋ ಜನ. ತಲೆದೂಗಿದವರಿಗೆ ಲೆಕ್ಕವಿಲ್ಲ. ಹಾಲೇಶನೇ ದಿನ ಬೆಳಗಾದರೆ ತಲೆದೂಗಿದವನು.

ಗುರುಗಳು ಎರಡೂ ಕೈ ಎತ್ತಿ ಅವನಿಗೆ ಮುಗಿದರು. ಹಾಲೇಶ ಬೆದರಿ, ಬೇಡಿ ಬೇಡಿ ಎನ್ನುತ್ತ ಆ ಕೈಗಳನ್ನು ಹಿಡಿದುಕೊಂಡ. ಹಿಡಿದ ಕೈಯನ್ನು ಬಿಡದೆ ಗುರುಗಳು ತಮ್ಮ ಚಾಪೆಯಲ್ಲೇ ಅತ್ತ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಇವರ ಪಾಠವನ್ನು ಇನ್ನು ನನ್ನ ಜೊತೆ ನೀನೂ ನೋಡಿಕೊಳ್ಳಬೇಕು ಎಂದರು.

ಹಾಲೇಶ ನೆಟ್ಟಗೆ ನಿಂತ ಎರಡು ಬೆರಳುಗಳನ್ನು ತೋರಿಸಿದ. ಈ ಕೈಯಿಂದ ಇವರಿಗೆ ಏನು ಬಾರಿಸಿ ತೋರಿಸಲಿ ಎಂದು ಕೇಳಿದ.

"ಬಾರಿಸಿ ತೋರ್ಸೋಕೆ ನಾನಿದೀನಿ," ಎಂದರು ಮಹಾರುದ್ರಯ್ಯ. "ನಾನು ತಪ್ಪಿದ್ರೆ ಹೇಳೋರು ಇಷ್ಟು ವರ್ಷ ಯಾರೂ ಇರ್ಲಿಲ್ಲಪ್ಪ. ಬಾ, ಇಲ್ಲಿ ಕೂತ್ಕೋ."